ಅನಾನಸ್ಸಿನ ಟೀ ಶರ್ಟು

ಮಾರ್ಚ್ ೧೧, ಮಧ್ಯಾಹ್ನ ೨.೧೦

ಹನ್ನೆರಡನೇ ಬೆಡ್‌ನ ಡ್ರಿಪ್ ಬದಲಾಯಿಸುತ್ತಿದ್ದೆ. ತಮ್ಮನ ಹೆಂಡತಿಯ ಫೋನು. ನಾಳೆಯೇ ತಮ್ಮನಿಗೆ ಹಾರ್ಟ್ ಆಪರೇಷನ್ ಆಗಬೇಕಂತೆ. ಅವನು ಸಹಿ ಹಾಕಲ್ಲ ಅಂತ ಹಟ ಹಿಡಿದಿದ್ದಾನಂತೆ, ಭಯ.

"ಅಕ್ಕಾ, ನೀವು ಹೇಳಿದ್ರೆ ಕೇಳ್ತಾರೆ. ಆದ್ರೆ ದಮ್ಮಯ್ಯ, ಆ ಬಿಳಿ ಯೂನಿಫಾರ್ಮಲ್ಲಿ ಬರ್ಬೇಡಿ."

ಅರ್ಥವಾಯಿತು. ಅಪ್ಪ, ಅಮ್ಮ, ಚಿಕ್ಕಪ್ಪ — ಮೂವರು ತೀರಿಹೋದಾಗಲೂ ಡ್ಯೂಟಿಯಿಂದ ನೇರ ಓಡಿದ್ದೆ, ಅದೇ ಬಟ್ಟೆಯಲ್ಲಿ. "ಅಕ್ಕ ಬಿಳೀಲಿ ಬಂದ್ಳು ಅಂದ್ರೆ ಗಂಟುಮೂಟೆ ಕಟ್ಟು ಅಂತ ಅರ್ಥ" — ತಮ್ಮನದೇ ತಮಾಷೆ. ಈಗ ಅವನಿಗೇ ನಗು ಬರುತ್ತಿರಲಿಕ್ಕಿಲ್ಲ.

೪.೪೦, ಏರ್‌ಪೋರ್ಟು

ಮನೆಗೆ ಹೋಗಲು ಹೊತ್ತೆಲ್ಲಿ? ಬಿಳಿಯಲ್ಲೇ ಬಂದೆ. ವಿಮಾನ ಆರಕ್ಕೆ. ಬ್ಯಾಗಿನಲ್ಲಿ ಥರ್ಮಾಮೀಟರು, ಬಾಚಣಿಗೆ. ಬುದ್ಧಿಗೇಡಿ ನಾನು. ಪುಣ್ಯಕ್ಕೆ ಬಟ್ಟೆ ಅಂಗಡಿಯೊಂದಿದೆ.

"ಕ್ಯಾಶುಯಲ್ಸ್ ಆ ಕಡೆ, ಮೇಡಂ. ಟ್ರಿಪ್ಪಾ?" ಅಂಗಡಿಯಾಕೆ ಕೇಳಿದಳು.

"ಹೂಂ. ಖುಷಿಯಾಗಿರೋ ಹಾಗೆ ಕಾಣ್ಬೇಕು."

ನನ್ನ ಮುಖ ನೋಡಿ ಆಕೆ ಬಣ್ಣದ ಟೀ ಶರ್ಟುಗಳ ರಾಶಿಯನ್ನೇ ಮುಂದಿಟ್ಟಳು.

೫.೧೫, ಗೇಟ್ ಹತ್ತಿರ

ನೀಲಿ ಹಾಕಿ ನೋಡಿದೆ — ವಾರ್ಡಿನ ಪರದೆ. ತಿಳಿಹಸಿರು — ಥಿಯೇಟರ್ ಗೌನು. ಥೂ, ಆಸ್ಪತ್ರೆ ಬಿಟ್ಟು ಬೇರೇನೂ ಕಾಣುವುದಿಲ್ಲವೇ ಈ ಕಣ್ಣಿಗೆ? ಕೊನೆಗೆ ಹಳದಿ ಟೀ ಶರ್ಟು, ಎದೆಯ ಮೇಲೆ ಇಷ್ಟಗಲ ಅನಾನಸ್ಸು. ಪ್ಯಾಂಟು ಉದ್ದ, ಎರಡು ಸುತ್ತು ಮಡಚಿದೆ. ಐವತ್ತಮೂರು ವರ್ಷಕ್ಕೆ ಈ ವೇಷ! ಯೂನಿಫಾರ್ಮು ಅಂಗಡಿಯ ಚೀಲದೊಳಗೆ.

 ಇಪ್ಪತ್ತೆಂಟು ವರ್ಷ ಸೂಜಿ ಹಿಡಿದವಳು ನಾನು. ಹೆದರಿಕೆ ಆಗ್ತಿದೆ. ಬರೆದುಬಿಟ್ಟೆ.

ಮಾರ್ಚ್ ೧೨, ಬೆಳಿಗ್ಗೆ ೬

ನಿನ್ನೆ ಅವನ ರೂಮಿನ ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತೆ. ತಮ್ಮ ಮೇಲಿಂದ ಕೆಳಗೆ ನೋಡಿದ.

"ಅಷ್ಟೊಂದು ಕೆಟ್ಟಿದ್ಯೇನೇ ನನ್ನ ಕೇಸು?"

"ಯಾಕೋ?"

"ನೀನು ಅನಾನಸ್ ಹಾಕ್ಕೊಂಡು ಬಂದಿದ್ದೀಯ ಅಂದ್ರೆ... ನಿಜ ಹೇಳು."

ಒಳಗೆ ಬರುವ ಮೊದಲೇ ರಿಪೋರ್ಟು ನೋಡಿದ್ದೆ. "ಮಾಡಿಸ್ಕೊಂಡ್ರೆ ಉಳಿಯೋದು ಅರ್ಧಕ್ಕರ್ಧ. ಇಲ್ಲಾಂದ್ರೆ ಒಂದು ತಿಂಗಳು ಕಣೋ." ಎಷ್ಟೋ ಮನೆಯವರಿಗೆ ಹೇಳಿದ ಮಾತು. ಮುಗಿಸುವಷ್ಟರಲ್ಲಿ ಗೊಳೋ ಎಂದು ಅತ್ತುಬಿಟ್ಟೆ.

ತಮ್ಮ ಹೊದಿಕೆಯ ತುದಿಯಿಂದ ನನ್ನ ಕಣ್ಣೊರೆಸಿದ. ಆಮೇಲೆ ಕೈ ಚಾಚಿದ. "ಪೆನ್ ಕೊಡೇ. ನೀನು ಅಳೋದು ನೋಡೋದಕ್ಕಿಂತ ಕುಯ್ಯಿಸ್ಕೊಳ್ಳೋದೇ ವಾಸಿ."

೧೧.೩೦

ಒಂಬತ್ತಕ್ಕೆ ಒಳಗೆ ಕರೆದೊಯ್ದರು. ನಾಲ್ಕು ಗಂಟೆ ಹಿಡಿಯುತ್ತದೆ ಎಂದಿದ್ದರು. ಎರಡೂವರೆ ಗಂಟೆಯಲ್ಲೇ ಬಾಗಿಲು ತೆರೆದಿದೆ. ಇಷ್ಟು ಬೇಗ ಯಾಕೆ?

ಸರ್ಜನ್ ಹೊರಗೆ ಬಂದು ಸುತ್ತ ಹುಡುಕುತ್ತಿದ್ದಾರೆ. ತಮ್ಮನ ಹೆಂಡತಿ ನನ್ನ ತೋಳು ಹಿಡಿದು ಕೇಳುತ್ತಿದ್ದಾಳೆ, "ಏನಕ್ಕಾ? ಏನು?" ಏನು ಹೇಳಲಿ? ಒಳ್ಳೆಯ ಸುದ್ದಿಯಿದ್ದರೆ ನಮ್ಮ ಆಸ್ಪತ್ರೆಯಲ್ಲಿ ಬಾಗಿಲಲ್ಲೇ ಮಾಸ್ಕ್ ಕಳಚುತ್ತಾರೆ, ಮನೆಯವರಿಗೆ ಮೊದಲು ನಗು ಕಾಣಲಿ ಅಂತ. ಇವರು ಇನ್ನೂ ತೆಗೆದಿಲ್ಲ. ನಮ್ಮನ್ನು ನೋಡಿದರು. ಬರುತ್ತಿದ್ದಾರೆ. ಅವರ ಕೈ ಮೇಲಕ್ಕೆ ಹೋಯಿತು, ಕಿವಿಯ ಹತ್ತಿರ, ಮಾಸ್ಕಿನ ದಾರಕ್ಕೆ —