ಕ್ಲಚ್ ಮತ್ತೆ ಬಿಚ್ಚಬೇಡಿ

ಸಂಗಮೇಶನ ಅಪ್ಪನವರಿಗೆ,

ಹೊಸ ಕೇಬಲ್ಲಿಗೆ ಇನ್ನೂರು, ಪ್ಲೇಟಿಗೆ ಒಂಬೈನೂರು, ಸ್ಪ್ರಿಂಗಿಗೆ ಮುನ್ನೂರು, ಆಯಿಲ್ ಬೇರೆ. ಇಷ್ಟು ಹಾಕಿದ ಮೇಲೂ "ಕ್ಲಚ್ ಬಾಳ ಬಿರುಸ ಐತಿ, ಒತ್ತಾಕ ಬರವಲ್ದು" ಎಂದು ಇವತ್ತು ಮತ್ತೆ ಬಿಚ್ಚಲು ಕೂಡಬೇಡಿ. ಪಾನಾ, ಸ್ಕ್ರೂಡ್ರೈವರ್ ಇಡುವ ಪೆಟ್ಟಿಗೆಗೆ ನಾನೇ ಬೀಗ ಹಾಕಿದ್ದೇನೆ. ಬೈಯುವುದಿದ್ದರೆ ಭೇಟಿಯಾದಾಗ ಬೈಯಿರಿ.

ನಿನ್ನೆ ನೀವು ಸಂತೆಗೆ ಹೋದಾಗ ಮಗಳನ್ನು ಮಾವನವರ ಕಾಲದ ಆ ರಾಜದೂತ ಮೋಟರ್‌ಸೈಕಲ್ಲಿನ ಮೇಲೆ ಕೂಡಿಸಿದೆ. ಎಡಗೈಯ ಎರಡೇ ಬೆರಳಿನಿಂದ ಕ್ಲಚ್ ಒತ್ತಿ, "ಯವ್ವಾ, ಇದೆಲ್ಲಿ ಬಿರುಸ? ಬೆಣ್ಣಿ ಆಗೇತಿ. ಅಪ್ಪಗ ಬ್ಯಾರೆ ಕೆಲಸ ಇಲ್ಲೇನ?" ಎಂದು ನಕ್ಕಳು. ನಾನೂ ಒತ್ತಿ ನೋಡಿದೆ. ಹಗುರವಾಗಿಯೇ ಬಂತು. ನನಗೆ ನಗು ಬರಲಿಲ್ಲ.

ಊರವರ ಗಾಡಿ ರಿಪೇರಿಗೆ ಬಂದರೆ ಮೊದಲು ನೀವೇ ಕ್ಲಚ್ ಒತ್ತಿ ನೋಡುತ್ತೀರಿ. ನಿಮ್ಮ ಗಾಡಿಯನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಟ್ಟು ನೋಡಲೇ ಇಲ್ಲ. ದೀಪಾವಳಿಯಿಂದ ನಿಮ್ಮ ಅಂಗಿಯ ಗುಂಡಿ ನಾನು ಹಾಕುತ್ತಿದ್ದೇನೆ. ಚಹಾದ ಕಪ್ಪು ಎಡಗೈಯಿಂದ ಜಾರಿದ್ದನ್ನೂ ನೋಡಿದ್ದೇನೆ. ಕೇಳಿದರೆ "ವಯಸ್ಸಾತು, ಬಿಡ" ಎನ್ನುತ್ತೀರಿ.

ಬಾಗೇವಾಡಿಯ ಡಾಕ್ಟರ ಹತ್ತಿರ ನಿಮ್ಮ ಹೆಸರಿಗೆ ಪಾಳಿ ಹಚ್ಚಲು ಮೊದಲ ಬಸ್ಸಿಗೆ ಹೊರಟಿದ್ದೇನೆ. ರೊಟ್ಟಿ, ಪುಂಡಿಪಲ್ಯ ಬುಟ್ಟಿಯಲ್ಲಿವೆ. ಉಂಡು ಹತ್ತರ ಬಸ್ಸಿಗೆ ಬನ್ನಿ, ಗಾಡಿ ತರಬೇಡಿ. ಬಸ್ಸು ಹತ್ತುವಾಗ ಬಲಗೈಯಿಂದ ಹಿಡಿದುಕೊಳ್ಳಿ.

ನಮ್ಮ ಅಣ್ಣನಿಗೂ ಹೀಗೇ ಶುರುವಾಗಿತ್ತು. ಎಷ್ಟು ಔಷಧ ಮಾಡಿಸಿದರೂ ಅವನ ಕೈ ಮೊದಲಿನಂತೆ ಆಗಲಿಲ್ಲ. ಹಾಗಾಗಿ ನನಗೆ ದೊಡ್ಡ ಆಸೆಯೇನೂ ಉಳಿದಿಲ್ಲ. ಆದರೂ ತೋರಿಸೋಣ.

ಗಾಡಿ ಸರಿಯಾಗಿದೆ. ಹೋಗಿರುವುದು ನಿಮ್ಮ ಎಡಗೈಯ ಬಲ.