ಕಾಯಂ ಆದ ಮಗನಿಗೆ

ಡಿಪೋ ಕ್ವಾರ್ಟರ್ಸ್,
ಮಾರ್ಚ್ ೯, ಸೋಮವಾರ ಸಂಜೆ

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಹಾರಾಜರಿಗೆ,

ಕ್ಷೇಮವೇ? ಬೆನ್ನುನೋವು ಹೇಗಿದೆ? ಬಸ್ಸಿನಡಿ ಮಲಗಿ ನಟ್ಟು ಬಿಗಿಯುವಾಗ ಕೆಳಗೆ ಗೋಣಿ ಹಾಸಿಕೋ ಎಂದು ಎಷ್ಟು ಸಲ ಹೇಳಿದ್ದೇನೆ. ನಾವು ಚೆನ್ನಾಗಿದ್ದೇವೆ. ನಾವು ಎಂದರೆ ನಾನು, ನನ್ನ ಸೊಸೆ. ಮಧ್ಯಾಹ್ನದಿಂದ ಬಸ್ಸು ಓಡಿಸಿ ಈಗಷ್ಟೇ ಬಂದು, ಸ್ಟಿಯರಿಂಗ್ ಹಿಡಿದು ಜೋಮುಗಟ್ಟಿದ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂತಿದ್ದಾಳೆ.

ನಾಟಕದ ಕಂಪನಿಯಲ್ಲಿ ರಾಣಿಯ ಪಾರ್ಟು ಮಾಡಿದವಳು ನಾನು; ದ್ರೋಹಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಪರದೆ ಬಿದ್ದೊಡನೆ ಅವರು ಬಣ್ಣ ಒರೆಸಿಕೊಂಡು ಸಾಧುಗಳಾಗುತ್ತಿದ್ದರು. ನೀನು ಬಣ್ಣವೇ ಇಲ್ಲದೆ ಆಡಿದೆಯಪ್ಪಾ. ಹಂಗಾಮಿ ಮೆಕ್ಯಾನಿಕ್ ಆಗಿದ್ದಾಗ, ನಾಳೆ ಬಾ ಎನ್ನುತ್ತಾರೋ ಬೇಡ ಎನ್ನುತ್ತಾರೋ ತಿಳಿಯದ ಕಾಲದಲ್ಲಿ, ಅವಳ ಕಾಯಂ ಕೆಲಸ, ಅವಳ ಹೆಸರಿನ ಈ ಕ್ವಾರ್ಟರ್ಸು ನಿನಗೆ ಬೇಕಾಗಿತ್ತು. "ನೀನಿದ್ರೆ ನಂಗೇನು ಭಯ ಕಣೇ" ಎಂದು ಅವಳ ಹಿಂದೆಯೇ ಸುತ್ತುತ್ತಿದ್ದೆ. ನಿನ್ನನ್ನೂ ಕಾಯಂ ಮಾಡಿದ ವಾರವೇ, "ಬಸ್ಸು ಓಡಿಸೋಳ ಪಕ್ಕ ನಾಲ್ಕು ಜನರೆದುರು ನಿಲ್ಲೋಕೆ ನಾಚಿಕೆ" ಎಂದು ಗಂಟು ಕಟ್ಟಿದೆ. ರೂಮು ಹಿಡಿದೆ, ವಿಚ್ಛೇದನದ ಕಾಗದ ಕಳಿಸಿದೆ. ಅವಳು ವರ್ಷವಿಡೀ ರುಜು ಹಾಕಲಿಲ್ಲ. ಬಂದೇ ಬರುತ್ತಾರೆ ಎಂದು ಕಾದಳು.

ಮೊನ್ನೆ ಬಂದೆ, ಅವಳಿಲ್ಲದ ಹೊತ್ತು ನೋಡಿ. "ಅಮ್ಮಾ, ವಿಚ್ಛೇದನ ಸದ್ಯಕ್ಕೆ ಬೇಡ ಅಂತ ಅವಳಿಗೆ ಹೇಳು" ಎಂದು ನೀನು ಹೇಳಿದಾಗ ನನ್ನ ಕಣ್ಣು ತುಂಬಿತು, ಹುಚ್ಚಿ ನಾನು. ಆಮೇಲೆ ನೀನೇ ಒಳಗುಟ್ಟು ಬಿಟ್ಟುಕೊಟ್ಟೆ: ಕಾಯಂ ಆದವರನ್ನು ಈ ತಿಂಗಳು ಆ ಚಳಿ ಬೆಟ್ಟದ ಡಿಪೋಗೆ ವರ್ಗ ಮಾಡುತ್ತಾರೆ, ಗಂಡ ಹೆಂಡತಿ ಇಬ್ಬರೂ ಇಲ್ಲೇ ಕೆಲಸದಲ್ಲಿದ್ದರೆ ಮಾತ್ರ ಮುಟ್ಟುವುದಿಲ್ಲ. ಹಂಗಾಮಿಯವರಿಗೆ ವರ್ಗಾವಣೆಯೇ ಇಲ್ಲವಾದ್ದರಿಂದ ನಿನಗಿದು ಹೊಳೆದಿರಲಿಲ್ಲ. "ವರ್ಗಾವಣೆ ಮುಗಿಯೋವರೆಗೂ ಹೆಂಡ್ತಿಯಾಗಿರ್ಲಿ, ಆಮೇಲೆ ಬಿಟ್ರಾಯ್ತು" ಎಂದೆಯಲ್ಲ, ಆ ಮಾತನ್ನು ನಾನು ಸೊಸೆಗೆ ಮುಟ್ಟಿಸಿದೆ. ಒಂದಕ್ಷರ ಬಿಡಲಿಲ್ಲ; ನಿನ್ನ ದನಿಯಲ್ಲೇ, ನಿನ್ನ ಹಾಗೆಯೇ ಕಾಲರ್ ಸರಿಮಾಡಿಕೊಂಡು ಆಡಿ ತೋರಿಸಿದೆ. ಅವಳು ಅಳಲಿಲ್ಲ. "ಅತ್ತೆ, ಪೆನ್ನು ಎಲ್ಲಿದೆ" ಎಂದಳು.

ಎಲ್ಲಿದ್ದರೂ ಬೆಚ್ಚಗಿರು ಎಂದು ಹರಸುವ,
ನಿನ್ನ ಅಮ್ಮ

ಮರೆತಿದ್ದೆ: ಅವಳು ರುಜು ಹಾಕಿದ ವಿಚ್ಛೇದನದ ಕಾಗದ ಇವತ್ತು ಬೆಳಗ್ಗೆ ವಕೀಲರ ಕೈ ಸೇರಿತು. ಇಬ್ಬರೂ ಬೇರೆಯಾಗಿದ್ದೇವೆಂದು ಡಿಪೋ ಕಚೇರಿಗೂ ಬರೆದುಕೊಟ್ಟಳು. ನಿಜವೆನ್ನಲು ಮನೆಯವರ ಸಾಕ್ಷಿ ಬೇಕೆಂದು ಗುಮಾಸ್ತ ತಕರಾರು ತೆಗೆದ. ಕನ್ನಡಕ ಹಾಕಿಕೊಂಡು, ಅವಳ ಹೆಸರಿನ ಕೆಳಗೆ ನಾನೇ ರುಜು ಹಾಕಿದೆ.