ಕಿಂಡಿ ಇರುವ ಕ್ಯಾಮೆರಾ

ಹಂದನಕೆರೆ
೧೧ ಫೆಬ್ರವರಿ ೨೦೨೪

ನನ್ನ ಮುದ್ದಿನ ಲಿಖಿತಾ,

ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹಾಸನದ ಹಾಸ್ಟೆಲ್ ಊಟ ಉಂಡುಕೊಂಡು ನೀನೂ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಕಾಗದ ಯಾಕೆ ಎಂದು ನಗುತ್ತೀಯ. ಫೋನು ಹಿಡಿದರೆ ನನಗೆ ಸಾರಿನ ಸುದ್ದಿ ಬಿಟ್ಟು ಬೇರೇನೂ ಬಾಯಿಗೆ ಬರುವುದಿಲ್ಲ ಕಣೇ.

‘ವೈಶಾಖದಲ್ಲಿ ನನ್ ಮದುವೆ, ಅಷ್ಟರೊಳಗೆ ಒಂದ್ ಕ್ಯಾಮೆರಾ ತಗೋ. ದಿನಾ ಬಳಸೋಕೂ ಆಗುತ್ತೆ, ಮದುವೇಲಿ ಮನೆಯವರ ಫೋಟೋನೂ ನೀನೇ ತೆಗೀಬೋದು’ ಎಂದಿದ್ದೆಯಲ್ಲ. ಅದರಲ್ಲಿ ಕೊನೆಯ ಮಾತಿಗೆ ನಾನಿನ್ನೂ ಹೂಂ ಎಂದಿಲ್ಲ. ಅದಿರಲಿ, ಮೊದಲು ಕ್ಯಾಮೆರಾದ ಕಥೆ ಕೇಳು.

ಹೋದ ವಾರ ನಿನ್ನ ಚಿಕ್ಕಪ್ಪ ಬೆಟ್ಟಸ್ವಾಮಿಯನ್ನು ಹೊರಡಿಸಿಕೊಂಡು ತಿಪಟೂರಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಅವನದು ಒಂದೇ ರಾಗ: ‘ಮೊಬೈಲ್‌ನಾಗೇ ಐತಲ್ಲ ಅತ್ತಿಗೆ, ಇನ್ನೊಂದ್ಯಾಕೆ ಬುಡಿ.’ ಮೊಬೈಲು ಎತ್ತಿದಾಗಲೇ ಯಾರಾದರೂ ಕರೆ ಮಾಡುತ್ತಾರೆ, ಅಷ್ಟರಲ್ಲಿ ಬೆಳಕು ಹೋಗಿಬಿಡುತ್ತದೆ ಎಂದರೆ ಅವನ ತಲೆಗೆ ಹೋಗಲಿಲ್ಲ.

ಸ್ಟುಡಿಯೋದ ಮೋಹನ್ ಕುಮಾರ್ ಮೊದಲು ತೋರಿಸಿದ್ದು ಒನಕೆಯಂಥ ಲೆನ್ಸಿನ ಕ್ಯಾಮೆರಾ. ‘ಇದ್ನ ತಕಂಡ್ರೆ ಜೀವಮಾನಕ್ಕಾಯ್ತು ಕಣ್ರಮ್ಮ’ ಎಂದರು. ಎತ್ತಿದರೆ ಕೈ ಬಿದ್ದುಹೋಗುವಂತಿತ್ತು. ದಿನಾ ಒಲೆ, ಕೊಟ್ಟಿಗೆ ಸುತ್ತುವವಳಿಗೆ ಅದೇಕೆ? ಇನ್ನೊಂದು ಅಂಗೈಯಗಲದ್ದು, ನೋಡಲು ಮುದ್ದು, ಆದರೆ ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ. ಬಿಸಿಲಿಗೆ ಹಿಡಿದರೆ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಕೊನೆಗೆ ಕಿಂಡಿಯೂ ಇರುವ, ಮಬ್ಬಿನಲ್ಲೂ ಚೆನ್ನಾಗಿ ಹಿಡಿಯುವ, ಯಾರೋ ಬಳಸಿದ್ದ ಒಂದು ಸಿಕ್ಕಿತು. ಪರದೆಯ ಮೂಲೆಯಲ್ಲಿ ಗೀರು ಬಿದ್ದಿದ್ದರಿಂದ ಬೆಲೆ ಇಳಿಸಿದರು. ಗೀರು ಫೋಟೋದಲ್ಲಿ ಬರುವುದಿಲ್ಲವಷ್ಟೇ ಎಂದು ಕೇಳಿಕೊಂಡೇ ತಂದೆ.

ಈಗ ಬೆಳಗಿನ ಕೆಲಸ ಮುಗಿಸಿ ಅಟ್ಟ ಹತ್ತುತ್ತೇನೆ. ಕೊಬ್ಬರಿಗೆಂದು ಹಾಕಿದ ಕಾಯಿಗಳು ಅಲ್ಲಿ ವರ್ಷದ ನಿದ್ದೆಯಲ್ಲಿವೆ. ಹೆಂಚಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿದು, ಅದರಲ್ಲಿ ನಾರಿನ ಧೂಳು ಮೆಲ್ಲಗೆ ತೇಲುತ್ತದೆ. ಒಂದು ಕಣ್ಣು ಮುಚ್ಚಿ ಕಿಂಡಿಯಲ್ಲಿ ನೋಡುತ್ತಾ ಕೂತರೆ ನಾನು ಯಾರ ಮನೆಯವಳು, ಯಾವ ಊರಿನವಳು ಎಲ್ಲ ಮರೆತುಹೋಗುತ್ತದೆ. ನಿನ್ನೆ ಹಾಗೆ ಕೂತಿದ್ದಾಗ ಕೆಳಗೆ ನಿಮ್ಮಪ್ಪ ಕೆಮ್ಮಿದಂತಾಯಿತು. ಅವರು ತೀರಿಕೊಂಡು ಇಷ್ಟು ವರ್ಷವಾದರೂ ‘ಬಂದೆ’ ಎಂದುಬಿಟ್ಟೆ. ಆಮೇಲೆ ಒಬ್ಬಳೇ ನಕ್ಕೆ. ಸ್ವಲ್ಪ ಅತ್ತೆ ಕೂಡ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಣ್ಣಿಗೆ ಕಂಡ ಒಳ್ಳೆಯದೆಲ್ಲ ನಿನಗೆ ದಕ್ಕಲಿ.

ನಿನ್ನ ಅಮ್ಮ,
ಗಿರಿಜಾಂಬಿಕಾ

ವಿ.ಸೂ.: ನಿನ್ನಕ್ಕ ವರ್ಷಿಣಿಯ ಸೀಮಂತದಲ್ಲಿ ಮುತ್ತೈದೆಯರೆಲ್ಲ ಫೋಟೋಕ್ಕೆಂದು ಅವಳ ಸುತ್ತ ನಿಂತಾಗ ನಾನೂ ಮುಂದೆ ಬಂದೆ. ಬೀಗರ ಕಡೆಯ ಹೆಂಗಸೊಬ್ಬಳು ಬಾಯಿ ತೆರೆಯುವಷ್ಟರಲ್ಲಿ ನೀನೇ ಓಡಿಬಂದು ಮೊಬೈಲು ನನ್ನ ಕೈಗಿಟ್ಟೆ. ‘ಅಮ್ಮ, ನೀನ್ ತೆಗುದ್ರೇ ಚೆನ್ನಾಗ್ ಬರೋದು’ ಎಂದೆ. ಗಂಡನಿಲ್ಲದವಳು ಅಲ್ಲಿ ನಿಲ್ಲಬಾರದೆಂಬ ಮಾತು ನನ್ನ ಕಿವಿಗೆ ಬೀಳದಿರಲಿ ಎಂದೇ ನೀನು ಹಾಗೆ ಮಾಡಿದ್ದು, ನನಗೆ ಗೊತ್ತು. ಆ ಹೆಂಗಸು ಅಂದಿದ್ದರೆ ಮರೆತುಬಿಡುತ್ತಿದ್ದೆ. ನೀನು ಕೈಗಿಟ್ಟದ್ದನ್ನು ಮರೆಯಲಾಗಿಲ್ಲ. ಮದುವೆಯ ದಿನ ಕ್ಯಾಮೆರಾ ಚಿಕ್ಕಪ್ಪನ ಕೈಲಿರುತ್ತದೆ. ಅವನು ಫೋಟೋದಲ್ಲಿ ನಮ್ಮ ತಲೆ ಹಾರಿಸಿದರೂ ಸರಿ. ನಾನು ನಿನ್ನ ಪಕ್ಕ ನಿಲ್ಲುತ್ತೇನೆ. ಯಾರಾದರೂ ಏನಾದರೂ ಅಂದರೆ, ಈ ಸಲ ಅವರಿಗೆ ನೀನು ಉತ್ತರ ಹೇಳು ಮಗಳೇ.